ಒಳಪೊರೆ

ಖಾಲಿ ಇದ್ದರೆ ಕುದುರೆ ಇನಾಯತಣ್ಣ, ಅಂದ ಚಲಪತಿ,
ಲೋಡು ಹತ್ತಿದರೆ ಮುದಿ ಎಮ್ಮೆ.
ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ತುಂಬಿ ಹೊರಟರೆ
ಮುಳಬಾಗಿಲು ದಾಟುವವರೆಗೂ ಸರಿ,
ನಂಗಲಿ ಏರಿಗೆ ಮೂರನೇ ಗೇರು, ಎರಡು, ಒಂದು,
ಆಮೇಲೆ ನಿಂತೇ ಬಿಡುತ್ತೆ.
ಒಂದು ಬೀಡಿ ಸೇದಿ ಮತ್ತೆ ಕೀಲಿ ತಿರುಗಿಸಿದರೆ
ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ.

ಕೋಲಾರದಲ್ಲಿ ಫಿಲ್ಟರ್ ಬದಲಾಯಿಸಿದರಂತೆ, ಎರಡು ಸಲ.
ಬಂಗಾರಪೇಟೆಯವನು ಪಂಪು ಬಿಚ್ಚಿ
ಹನ್ನೊಂದು ಸಾವಿರ ಎಣಿಸಿಕೊಂಡ.
ಚಿಂತಾಮಣಿಯಲ್ಲಿ ಇಂಜೆಕ್ಟರು.
ಓನರ್ ಹೆಂಡತಿ ನಿಂಬೆಹಣ್ಣು ಕಟ್ಟಿಸಿದ್ದಳು,
ಎಲ್ಲದರಲ್ಲಿ ಅದೇ ಅಗ್ಗ.

ಹೊಗೆ ಯಾವ ಬಣ್ಣ, ಅಂದೆ.
ಹೊಗೆಯೇ ಇಲ್ಲ, ಅಂದ.
ಅರ್ಧ ಅಲ್ಲಿಗೇ ತಿಳಿಯಿತು.
ಕರಿ ಹೊಗೆ ಕಕ್ಕಿದರೆ ಉಸಿರಿಗೆ ತೊಂದರೆ,
ಹೊಗೆಯಿಲ್ಲದೆ ಸೊರಗಿದರೆ ಹೊಟ್ಟೆಗೆ ಬೀಳುತ್ತಿಲ್ಲ.
ನಮ್ಮ ಉಸ್ತಾದ್ ಖಲಂದರ್ ಸಾಬರ ಮಾತು.
ಕೈಗೆ ಸ್ಪ್ಯಾನರ್ ಕೊಡುವ ಮೊದಲು
ಆರು ತಿಂಗಳು ಬರೀ ಹೊಗೆ ನೋಡಿಸಿದ್ದರು.

ಕೈಪಂಪು ಮೆಲ್ಲಗೆ ಎಳೆದೆ, ಸಲೀಸು.
ಜೋರಾಗಿ ಎಳೆದೆ,
ಆ ಕಡೆಯಿಂದ ಯಾರೋ ಹಿಡಿದುಕೊಂಡ ಹಾಗೆ.
ಸ್ಕ್ರೂ ಸಡಿಲಿಸಿ ನೋಡಿದರೆ ಒಂದು ಗುಳ್ಳೆಯೂ ಇಲ್ಲ.
ಗಾಳಿ ಸೇರುತ್ತಿಲ್ಲ. ಎಲ್ಲೋ ಕತ್ತು ಹಿಸುಕುತ್ತಿದೆ.

ಟ್ಯಾಂಕನ್ನೇ ಬಿಟ್ಟು
ಕ್ಲೀನರ್ ಜಬಿಯ ತೊಡೆ ಮೇಲೆ ಡೀಸೆಲ್ ಕ್ಯಾನಿಟ್ಟೆ,
ಆಸ್ಪತ್ರೆ ಡ್ರಿಪ್ಪಿನ ಹಾಗೆ ಬಿಳಿ ಪೈಪು ನೇರ ಪಂಪಿಗೆ.
ಹಣ್ಣು ಮೇಲಿರುವಾಗಲೇ, ರಾತ್ರಿ ಹನ್ನೊಂದಕ್ಕೆ,
ಏರಿಗೆ ಹಚ್ಚಿದೆವು.
ನಾಲ್ಕನೇ ಗೇರಿನಲ್ಲೇ ಹತ್ತಿತು!
ಚಲಪತಿ ಹಾರನ್ ಹೊಡೆದ, ರಸ್ತೆಯಲ್ಲಿ ಯಾರೂ ಇರಲಿಲ್ಲ.
ಕ್ಯಾನನ್ನು ಕೂಸಿನ ಹಾಗೆ ತಬ್ಬಿದ್ದ ಜಬಿ
ಪ್ಯಾಂಟೆಲ್ಲ ಒದ್ದೆ ಅಣ್ಣ, ಅಂದ.

ಕಾಯಿಲೆ ಟ್ಯಾಂಕಿಗೂ ಪಂಪಿಗೂ ನಡುವೆ.
ಜಾಲರಿ ಬಿಚ್ಚಿದೆ, ಶುಭ್ರ.
ಕಬ್ಬಿಣದ ಪೈಪು ಊದಿದೆ, ಟ್ಯಾಂಕು ಗುಳುಗುಳು ಅಂತು.
ಉಳಿದದ್ದು ಒಂದು ಗೇಣು ರಬ್ಬರ್ ಹೋಸು.
ಬಿರುಕಿಲ್ಲ, ಉಬ್ಬಿಲ್ಲ, ಒರೆಸಿದರೆ ಫಳಫಳ.
ಮೂರೂರಿನವರೂ ಮುಟ್ಟಿರಲಿಲ್ಲ ಅದನ್ನ,
ಅಷ್ಟು ಚೆನ್ನಾಗಿತ್ತು.

ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ.
ಒಳಪೊರೆ ಕಿತ್ತು ಬಂದು
ಕಿರುನಾಲಿಗೆಯ ಹಾಗೆ ಜೋತುಬಿದ್ದಿತ್ತು.
ಇಂಜಿನು ಜೋರಾಗಿ ಕೇಳಿದಾಗೆಲ್ಲ ಮುಚ್ಚಿಕೊಳ್ಳುವುದು,
ಕೇಳುವುದು ಬಿಟ್ಟ ಮೇಲೆ ತೆರೆದುಕೊಳ್ಳುವುದು.

ತಂತಿ ಕಂಡದ್ದು ಆಮೇಲೆ.
ಕ್ಲ್ಯಾಂಪ್ ಇರಬೇಕಾದ ಜಾಗದಲ್ಲಿ ಕಟ್ಟುಕಂಬಿ,
ಮೂರು ಸುತ್ತು, ಎಡಕ್ಕೆ ತಿರುಚಿದ್ದು.
ಈ ಹೈವೇಯಲ್ಲಿ ಎಡಗೈ ಮೆಕ್ಯಾನಿಕ್ ನಾನೊಬ್ಬನೇ.

ಎರಡು ರಂಜಾನ್ ಹಿಂದೆ. ಆಗ ಡ್ರೈವರ್ ಬೇರೆ.
ಉಪವಾಸ ಬಿಡಲು ಹತ್ತು ನಿಮಿಷ,
ಡೀಸೆಲ್ ಹೋಸು ತರಲು ಮುಳಬಾಗಿಲಿಗೆ ಹೋಗಬೇಕು.
ಕಾಲಡಿಯಲ್ಲಿ ನೀರಿನ ಪೈಪಿನ ತುಂಡು ಬಿದ್ದಿತ್ತು.
ಗೊತ್ತಿತ್ತು ನನಗೆ. ಉಸ್ತಾದರ ಹತ್ತಿರ
ಇದಕ್ಕೇ ಒಮ್ಮೆ ಕಪಾಳಕ್ಕೆ ತಿಂದಿದ್ದೆ.

ಎಷ್ಟಾಯಿತಣ್ಣ, ಅಂದ ಚಲಪತಿ.
ಹೋಸಿಗೆ ನೂರಾ ಎಂಬತ್ತು, ಅಂದೆ.
ಕೂಲಿ?
ಬಾಯಿ ತೆರೆದೆ.
ಬೇಡ ಹೋಗು, ಅಂದೆ.

ಕೋಲಾರದವರು ನಿಮ್ಮ ಹತ್ತಿರ ಕಲೀಬೇಕು, ಅಂದು
ಮೇಲಿನಿಂದ ಒಂದು ಕ್ರೇಟು ಇಳಿಸಿ
ಅಂಗಡಿ ಬಾಗಿಲಿಗಿಟ್ಟು ಹೊರಟ.
ಏರಿನ ತುದಿಯವರೆಗೂ ಕಿವಿಗೊಟ್ಟು ನಿಂತೆ.
ಸದ್ದು ಎಲ್ಲೂ ಕುಗ್ಗಲಿಲ್ಲ.

ಹದಿನೈದು ಕೇಜಿ. ವಾರವೆಲ್ಲ ಅದೇ ಸಾರು, ಅದೇ ಗೊಜ್ಜು.
ಇಷ್ಟೊಂದು ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ
ಶಾಹೀನ ಕೇಳಿದಾಗೆಲ್ಲ
ಉಪ್ಪು ಸ್ವಲ್ಪ ಕಡಿಮೆ, ಅಂದೆ.